ಹೊಳೆಯ ಬಾಯಿಗೆ ಬಲೆ ಕಟ್ಟಿದವರ ನಡುವೆ

ಮತ್ತೆ ಕಬ್ಬು

ಸಮುದ್ರ ದಾಟಿ ಹೋದ ನನಗೆ ಮೊದಲು ಕಂಡದ್ದು ಕಬ್ಬು. ಮಾರಿಷಸ್ಸಿನ ವಿಮಾನ ನಿಲ್ದಾಣದಿಂದ ಹೊರಬಿದ್ದ ಕಾರು ತಂಗಿಯ ಊರು ಮುಟ್ಟುವ ತನಕ ಎರಡೂ ಕಡೆ ಕಬ್ಬು, ನಡುವೆ ಒಂದಿಷ್ಟು ಗುಡ್ಡ, ಮತ್ತೆ ಕಬ್ಬು. ಕುಡಚಿಯಿಂದ ರಾಯಬಾಗಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಲ್ಲಿ ಏನು ಕಾಣುತ್ತದೋ ಅದೇ.

"ಇದನ್ನ ನೋಡಾಕ ಇಷ್ಟ ದೂರ ಕರಿಸಿದೇನ?" ಎಂದು ತಂಗಿ ಶಾರದೆಯನ್ನು ಕೇಳಿದೆ.

"ತಡಿಯಕ್ಕಾ, ಮುಂದ ಸಮುದ್ರ ಬರತೈತಿ," ಎಂದಳು. ಅವಳ ಗಂಡ ಶಿವಾನಂದ ಕಾರು ಓಡಿಸುತ್ತ ನಕ್ಕ. ಅವನು ನಮ್ಮ ಕಡೆಯ ಕಾರ್ಖಾನೆಯೊಂದರಲ್ಲಿ ಸಕ್ಕರೆ ಕುದಿಸುವುದನ್ನು ಕಲಿತವನು. ಅದೇ ಕೈಗುಣ ಅವನನ್ನು ಆ ದ್ವೀಪಕ್ಕೆ ಕರೆದೊಯ್ದಿತ್ತು. ಗಣಪತಿ ಹಬ್ಬಕ್ಕೆ ಬಾ ಎಂದು ಇಬ್ಬರೂ ಎಷ್ಟೋ ವರ್ಷಗಳಿಂದ ಕರೆಯುತ್ತಿದ್ದರು. ನಮ್ಮ ಮನೆಯವರು ಎಮ್ಮೆ ಬಿಟ್ಟು ಬರುವವರಲ್ಲ. ಕಡೆಗೆ ನಾನೊಬ್ಬಳೇ ಹೊರಟೆ.

ನಿಲ್ದಾಣದಲ್ಲೇ ಒಂದು ರಗಳೆ ಆಗಿತ್ತು. ಗಣಪತಿಗೆ ಬೇಕಾಗುತ್ತದೆಂದು ಹೊಲದ ಬದುವಿನ ಗರಿಕೆಯನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದೆ. ಅಲ್ಲಿನ ಅಧಿಕಾರಿ ಶೇಂಗಾ ಚಟ್ನಿ ಬಿಟ್ಟ, ಖರ್ಚಿಕಾಯಿ ಬಿಟ್ಟ, ಗರಿಕೆ ಹಿಡಿದ. ಹೊರಗಿನ ಹಸಿರು ಯಾವುದೂ ಒಳಗೆ ಬರುವಂತಿಲ್ಲವಂತೆ. ನಾನು ಕನ್ನಡದಲ್ಲಿ ಬೈದೆ, ಮರಾಠಿಯಲ್ಲಿ ಬೇಡಿಕೊಂಡೆ. ಎರಡಕ್ಕೂ ಆತ ಒಂದೇ ತರಹ ನಕ್ಕ. ಹೊರಗೆ ಬಂದು ನೋಡಿದರೆ ರಸ್ತೆ ಬದಿಗೆಲ್ಲ ಗರಿಕೆಯಂಥದೇ ಹುಲ್ಲು ಸೊಂಪಾಗಿ ಬೆಳೆದು ನಿಂತಿತ್ತು. ಸಿಟ್ಟು ಇನ್ನಷ್ಟು ಏರಿತು.

ಭಾನುವಾರ, ಹೊಳೆಯ ಬಾಯಲ್ಲಿ

ಶಾರದೆಯ ಊರು ಸಣ್ಣ ಹೊಳೆಯೊಂದು ಸಮುದ್ರ ಸೇರುವ ಜಾಗದಲ್ಲಿದೆ. ನಮ್ಮ ಕೃಷ್ಣೆಯ ಮುಂದೆ ಅದನ್ನು ಹೊಳೆ ಎನ್ನಲು ನಾಲಿಗೆ ಏಳುವುದಿಲ್ಲ. ಕಾಲುವೆ ಅನ್ನಬಹುದು. ಆದರೆ ನೀರು ಎಷ್ಟು ತಿಳಿಯೆಂದರೆ ತಳದ ಕಲ್ಲಿನ ಮೇಲೆ ಏಡಿ ನಡೆಯುವುದು ದಡದಿಂದಲೇ ಕಾಣುತ್ತದೆ. ಸಮುದ್ರವೂ ಅಲ್ಲಿ ಅಬ್ಬರಿಸುವುದಿಲ್ಲ. ದೂರದಲ್ಲಿ ಬಂಡೆಗಳ ಸಾಲು ಅಲೆಗಳನ್ನು ತಡೆದು ನಿಲ್ಲಿಸುತ್ತದೆ. ಈಚೆಗೆ ಕೆರೆಯಂತೆ ಸುಮ್ಮನೆ ಮಲಗಿದ ನೀಲಿ ನೀರು. ಆ ಊರಿನ ಮೀನುಗಾರರ ಹೊಟ್ಟೆ ತುಂಬುವುದು ಆ ನೀರಿನಿಂದ.

ಬಂದ ಮರುದಿನ ಭಾನುವಾರ. ಬೆಳಗಾಗುತ್ತಲೇ ಶಾರದೆ ನನ್ನ ಕೈಗೆ ರಬ್ಬರಿನ ಕೈಗವಸು ಕೊಟ್ಟಳು. "ಇದ್ಯಾಕವಾ, ಎಮ್ಮಿ ಈಯಿಸಾಕ ಹೊಂಟೇವೇನ?" ಎಂದೆ. ಹೊಳೆಗೆ ನಡೆ ಎಂದಳು.

ಹೊಳೆಯ ಬಾಯಿಗೆ ಅಡ್ಡಲಾಗಿ ದಪ್ಪ ಹಗ್ಗ ಕಟ್ಟಿದ್ದರು. ಹಗ್ಗದುದ್ದಕ್ಕೂ ಖಾಲಿ ಬಾಟಲಿಗಳನ್ನು ಕಟ್ಟಿ ತೇಲಿಸಿ, ಕೆಳಗೆ ಹಳೆಯ ಬಲೆ ಇಳಿಬಿಟ್ಟಿದ್ದರು. ಮೇಲಿನ ಊರುಗಳಿಂದ ತೇಲಿ ಬರುವ ಕಸ ಸಮುದ್ರಕ್ಕೆ ಹೋಗದೆ ಅಲ್ಲೇ ಸಿಕ್ಕಿಬೀಳುತ್ತದೆ. ಅದನ್ನು ಊರಿನವರೇ ಬಂದು ಎತ್ತುತ್ತಾರೆ. ಸರ್ಕಾರದವರು ಕಾಣಲಿಲ್ಲ, ಬ್ಯಾನರ್ ಇರಲಿಲ್ಲ, ಭಾಷಣ ಇರಲಿಲ್ಲ, ಫೋಟೋಕ್ಕೆ ನಿಲ್ಲುವವರೂ ಇರಲಿಲ್ಲ. ಮೀನುಗಾರರು, ಅಂಗಡಿಯವರು, ಚರ್ಚಿಗೆ ಹೋಗುವ ಮುನ್ನ ಬಂದ ಮುದುಕಿಯರು, ಎಲ್ಲರೂ ಮೊಣಕಾಲು ನೀರಿನಲ್ಲಿ. ಎತ್ತಿದ್ದನ್ನೆಲ್ಲ ನೀಲಿ ಪ್ಲಾಸ್ಟಿಕ್ ಬುಟ್ಟಿಗಳಿಗೆ ಹಾಕುತ್ತಿದ್ದರು. ನಮ್ಮಲ್ಲಿ ಕೃಷ್ಣೆಯ ಮಹಾಪೂರ ಇಳಿದ ಮೇಲೆ ದಂಡೆಯ ಜಾಲಿಕಂಟಿಗೆಲ್ಲ ಪ್ಲಾಸ್ಟಿಕ್ ಜೋತುಬಿದ್ದಿರುತ್ತದೆ. ಮುಂದಿನ ವರ್ಷದ ಪೂರ ಬಂದು ಅದನ್ನು ಒಯ್ಯುವ ತನಕ ನಾವು ಕೈ ಹಚ್ಚುವುದಿಲ್ಲ.

ಇವರೆಲ್ಲರಿಗೆ ಮುಂದಾಳು ಲಿಲಿಯಾನ್ ಎಂಬ ಮೀನುಗಾರ ಹೆಂಗಸು. ನನ್ನದೇ ವಯಸ್ಸು, ನನಗಿಂತ ಎರಡು ಪಟ್ಟು ಗಟ್ಟಿ ರಟ್ಟೆ, ತಲೆಗೆ ಹುಲ್ಲಿನ ಟೊಪ್ಪಿಗೆ. ಬಂಡೆಗಳ ಮೇಲೆ ನಡೆದು ಕೋಲಿನಿಂದ ಎಂಟು ಕಾಲಿನ ಒಂದು ಸಮುದ್ರಜೀವಿಯನ್ನು ತಿವಿದು ಹಿಡಿಯುವುದು ಅವಳ ಕಸುಬು. ಶಾರದೆ ಅದನ್ನು ಬಣ್ಣಿಸಿದ ಮೇಲೆ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಆದರೆ ಹೆಂಗಸು ನೋಡುತ್ತಲೇ ಮನಸ್ಸಿಗೆ ಹಿಡಿಸಿದಳು. ಅವಳಿಗೆ ಅಲ್ಲಿನ ಕ್ರಿಯೋಲ್ ಭಾಷೆ ಬಿಟ್ಟು ಬೇರೆ ಬಾರದು. ನನಗೆ ಅದು ಬಾರದು. ಹಾಗಿದ್ದೂ ಇಬ್ಬರೂ ಒಂದು ಹಳೆಯ ಟೈರನ್ನು ಕೆಸರಿನಿಂದ ಎಳೆದು ತೆಗೆದೆವು, ಒಟ್ಟಿಗೇ ಹಿಂದಕ್ಕೆ ಬಿದ್ದೆವು, ಒಟ್ಟಿಗೇ ನಕ್ಕೆವು.

ಮನೆಗೆ ಬರುವಾಗ ಶಿವಾನಂದ ಸಂಗತಿ ಹೇಳಿದ. ಆ ಊರಿನಲ್ಲಿ ಮರಾಠಿ ಮನೆತನಗಳು ಬಹಳ ಇವೆ. ಮುತ್ತಜ್ಜಂದಿರ ಕಾಲದಲ್ಲಿ ಕೊಂಕಣದ ಕಡೆಯಿಂದ ಕಬ್ಬಿನ ಕೂಲಿಗೆ ಹೋದವರು. ಅಂದಿನಿಂದ ಗಣಪತಿಯನ್ನು ತಲೆಯ ಮೇಲೆ ಹೊತ್ತು ನಡೆದು ಇದೇ ಹೊಳೆಯ ಬಾಯಲ್ಲಿ ನೀರಿಗಿಳಿಸಿ ಕಳಿಸುತ್ತ ಬಂದಿದ್ದಾರೆ. ಆದರೆ ಹೋದ ವರ್ಷ ಹಬ್ಬದ ಮರುದಿನ ಮೀನಿನ ಬುಟ್ಟಿಬಲೆಗಳಲ್ಲಿ ಮೀನಿಗೆ ಬದಲು ಹಾರ ಸಿಕ್ಕಿದ್ದವು. ದೋಣಿಯ ಯಂತ್ರಕ್ಕೆ ಜರಿ ದಾರ ಸುತ್ತಿಕೊಂಡಿತ್ತು.

"ಈ ವರ್ಷ ಒಂದ್ ಚೀಲ ನೀರಿಗೆ ಬಿತ್ತಂದ್ರ, ಮುಂದ ಇಲ್ಲೆ ಗಣಪತಿ ತರಬ್ಯಾಡ್ರಿ ಅಂತ ಮೀನಗಾರರು ಅಂದಾರ್ರಿ ಅಕ್ಕಾರ," ಎಂದ ಶಿವಾನಂದ. "ಬ್ಯಾರೆ ದಂಡಿ ಭಾಳ ದೂರ ಐತ್ರಿ. ವಯಸ್ಸಾದವರಿಗೆ ನಡದ ಹೋಗಾಕ ಆಗೂದಿಲ್ಲ. ಎಲ್ಲಾರ ಪರವಾಗಿ ನಾನ ಮಾತ ಕೊಟ್ಟೇನಿ."

"ಛಲೋ ಮಾಡಿದಿ," ಎಂದೆ. "ಹೊಳ್ಯಾಗ ಕಸಾ ಒಗಿಯೂ ಮಂದಿಗೆ ಬುದ್ಧಿ ಬರಲಿ."

ಸೇತುವೆಯ ಮೇಲೆ ಕೈಮುಗಿದದ್ದು

ಹಬ್ಬ ಬಂತು. ಶಾರದೆಯ ಮನೆಯಲ್ಲಿ ಮಣ್ಣಿನ ಪುಟ್ಟ ಗಣಪತಿ ಕುಳಿತ. ಕಡುಬಿನ ಹೂರಣ ನಾನೇ ರುಬ್ಬಿದೆ. ಅಕ್ಕಪಕ್ಕದವರೆಲ್ಲ ಬಂದರು. ಅವರಲ್ಲಿ ಗೋವಿಂದ ಆಜೋಬಾ, ಅಂದರೆ ಗೋವಿಂದ ಅಜ್ಜ, ಎಂಬ ಮುದುಕರು ನನ್ನ ಮರಾಠಿ ಕೇಳಿ ಕುರ್ಚಿ ಬಿಟ್ಟು ಏಳಲೇ ಇಲ್ಲ. ಅವರ ಮೊಮ್ಮಕ್ಕಳು ಮನೆಯಲ್ಲಿ ಕ್ರಿಯೋಲ್ ಆಡುತ್ತಾರೆ. ಮರಾಠಿ ಭಜನೆಗೆ ಮಾತ್ರ ಉಳಿದಿದೆ. "ನಿಪ್ಪಾಣಿ ಎಲ್ಲಿ, ಚಿಕ್ಕೋಡಿ ಎಲ್ಲಿ, ಅಲ್ಲಿ ಎಲ್ಲರೂ ಎರಡೂ ಭಾಷೆ ಆಡುತ್ತಾರೆಯೇ" ಎಂದು ಕೇಳಿದ್ದನ್ನೇ ಕೇಳಿದರು. ಜಗಳ ಒಂದು ಭಾಷೆಯಲ್ಲಿ, ವ್ಯಾಪಾರ ಇನ್ನೊಂದರಲ್ಲಿ ಎಂದೆ. ಬಹಳ ಹೊತ್ತು ನಕ್ಕರು.

ಗಣಪತಿ ಕಳಿಸುವ ದಿನ ಇನ್ನೂ ದೂರವಿತ್ತು. ದಿನದಿನದ ಹೂವು, ಗರಿಕೆ, ಪತ್ರಿ ಒಂದು ಮೂಲೆಯಲ್ಲಿ ಕೂಡಿಬಿದ್ದಿದ್ದವು. ದೇವರ ತಲೆಯಿಂದ ಇಳಿದ ಹೂವು ನಿರ್ಮಾಲ್ಯ. ಅದನ್ನು ಕಾಲಿಗೆ ತಾಗುವಲ್ಲಿ ಇಡಬಾರದು, ಕಸದ ಡಬ್ಬಿಗಂತೂ ಹಾಕಲೇಬಾರದು, ಹರಿಯುವ ನೀರಿಗೇ ಬಿಡಬೇಕು. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಿಲ್ಲ. ಹುಟ್ಟಿನಿಂದ ಕೃಷ್ಣೆಯ ದಂಡೆಯಲ್ಲಿ ಕಂಡದ್ದು. ಒಂದು ಮುಂಜಾನೆ ಸ್ನಾನ ಮುಗಿಸಿ, ಎಲ್ಲರೂ ಮಲಗಿದ್ದಾಗ, ಅದನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದೆ. ದಾರಿಯಲ್ಲಿ ಒಂದು ಎಸಳೂ ನೆಲಕ್ಕೆ ಬೀಳಬಾರದೆಂದು ಎರಡು ಗಂಟು ಹಾಕಿದೆ. ಸೇತುವೆಯ ನಡುವೆ ನಿಂತು, ಕಣ್ಣಿಗೆ ಒತ್ತಿಕೊಂಡು, ಹೊಳೆಗೆ ಬಿಟ್ಟು ಕೈಮುಗಿದೆ.

ನಂಬಿ, ಅದು ಕಸವೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಭಾನುವಾರ ನಾನೇ ಎತ್ತಿದ್ದ ಬಾಟಲಿ, ಟೈರು, ಡಬ್ಬಿ ಕಸ. ಇದು ದೇವರದು. ಶಿವಾನಂದ ಕೊಟ್ಟ ಮಾತಿಗೂ ನನ್ನ ಕೈಯಲ್ಲಿದ್ದ ಚೀಲಕ್ಕೂ ಸಂಬಂಧವಿದೆ ಎಂದು ಅನಿಸಲಿಲ್ಲ.

ಕಣ್ಣು ತೆರೆದಾಗ ಚೀಲ ತೇಲುತ್ತ ಹೋಗಿ ಬಲೆಗೆ ಸಿಕ್ಕಿ ನಿಂತಿತ್ತು. ಪಕ್ಕದಲ್ಲೇ ದೋಣಿಯಲ್ಲಿ ಲಿಲಿಯಾನ್.

ಅವಳು ಚೀಲ ಎತ್ತಿದಳು, ಬಿಚ್ಚಿದಳು, ಹೂವು ನೋಡಿದಳು. ಮೇಲೆ ಸೇತುವೆಯಲ್ಲಿ ಕೈಮುಗಿದು ನಿಂತ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಅವಸರ ಅವಸರವಾಗಿ ದೋಣಿ ದಡಕ್ಕೆ ತಂದು, ಒದ್ದೆ ಕಾಲಿನಲ್ಲೇ ಸೇತುವೆ ಹತ್ತಿ ಓಡಿ ಬಂದಳು. ಎರಡೂ ಕೈಗಳಲ್ಲಿ ಆ ಚೀಲವನ್ನು ನನ್ನ ಮುಂದೆ ಹಿಡಿದಳು. ಮುಖದ ತುಂಬ ಮರುಕ. ನನ್ನ ದೇವರ ಹೂವು ಕೈಜಾರಿ ನೀರಿಗೆ ಬಿದ್ದಿದೆ, ನಾನು ಅದಕ್ಕಾಗಿ ಸಂಕಟಪಡುತ್ತ ಪ್ರಾರ್ಥಿಸುತ್ತಿದ್ದೇನೆ ಎಂದು ತಿಳಿದಿದ್ದಳು!

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅದು ನನಗೆ ಚೆನ್ನಾಗಿ ಬರುತ್ತದೆ. ಈ ಮರುಕದ ಮುಂದೆ ಏನು ಮಾಡುವುದು? ಚೀಲ ಈಸಿಕೊಂಡು ಅವಳ ಕೈಹಿಡಿದು ಶಾರದೆಯ ಮನೆಗೆ ಎಳೆದುಕೊಂಡು ಬಂದೆ.

ಮಾವಿನ ಮರದ ಬುಡ

ಚೀಲ ಕೈಜಾರಿದ್ದಲ್ಲ, ನಾನೇ ಬಿಟ್ಟದ್ದು ಎಂದೆ. ಶಾರದೆ ಅದನ್ನು ಕ್ರಿಯೋಲಿನಲ್ಲಿ ಹೇಳುತ್ತ ಹೋದಂತೆ ಲಿಲಿಯಾನಳ ಮುಖ ಸಣ್ಣಗಾಯಿತು. ಆಮೇಲೆ ಮೆಲ್ಲಗೆ ಏನೋ ಹೇಳಿದಳು.

"ಏನಂತಾಳ?" ಎಂದೆ.

"ಭಾನುವಾರ ನನ್ನ ಜೋಡಿ ನೀರಾಗ ನಿಂತಾಕೀನ ಹಿಂಗ ಮಾಡಿದ್ರ, ಗಣಪತಿ ಕಳಿಸೂ ದಿನಾ ಬರೂ ಮಂದಿ ಏನ್ ಮಾಡ್ಯಾರು ಅಂತಾಳ." ಶಾರದೆಯ ಕಣ್ಣಲ್ಲಿ ನೀರಿತ್ತು. "ಅಕ್ಕಾ, ಇವರು ಕೊಟ್ಟ ಮಾತ ಹೋತಲ್ಲ. ಆಜೋಬಾಗ ಏನ್ ಹೇಳೂದು?"

ಶಿವಾನಂದ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಹೆಂಡತಿಯ ಅಕ್ಕನಿಗೆ ಅನ್ನುವ ಸಲುಗೆ ನಮ್ಮ ಕಡೆ ಇಲ್ಲ ನೋಡಿ. ಅಂದಿದ್ದರೇ ಹಗುರಾಗುತ್ತಿತ್ತು.

ಲಿಲಿಯಾನ್ ಎದ್ದಳು. ನನ್ನ ಮಡಿಲಲ್ಲಿದ್ದ ಚೀಲದ ಕಡೆ ಕೈಮಾಡಿ, ನನ್ನ ಜೊತೆ ಬಾ ಎಂದು ಸನ್ನೆ ಮಾಡಿದಳು. ಅವಳ ಅಂಗಳದಲ್ಲಿ ಒಂದು ಹಳೆಯ ಮಾವಿನ ಮರ. ಮೇರಿಯಮ್ಮನ ಮುಂದೆ ಇಟ್ಟು ಬಾಡಿದ ಹೂವನ್ನು ಅವಳು ಆ ಮರದ ಬುಡದಲ್ಲಿ ಹೂಳುತ್ತಾಳಂತೆ. ಅಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ತುಳಿಯುವುದಿಲ್ಲವಂತೆ. ನಾನೂ ಅವಳೂ ಕೂತು ಹಾರದ ದಾರ ಬೇರೆ ಮಾಡಿದೆವು, ಜರಿ ಬೇರೆ ಮಾಡಿದೆವು, ಊದುಬತ್ತಿಯ ಕಡ್ಡಿ ಆರಿಸಿದೆವು. ಹೂವು, ಗರಿಕೆ ಮಣ್ಣಿಗೆ ಸೇರಿದವು. ಅವಳು ಎದೆಯ ಮೇಲೆ ಶಿಲುಬೆಯ ಗುರುತು ಬರೆದುಕೊಂಡಳು, ನಾನು ಕೈಮುಗಿದೆ. ನನ್ನ ದೇವರಿಗೆ ಇಷ್ಟು ಮರ್ಯಾದೆಯನ್ನು ನಾನೇ ಯಾವತ್ತೂ ಕೊಟ್ಟಿರಲಿಲ್ಲ. ಹೊಳೆಗೆ ಬಿಟ್ಟು ಬೆನ್ನು ತಿರುಗಿಸಿದರೆ ನಮ್ಮ ಕೆಲಸ ಮುಗಿಯುತ್ತಿತ್ತು.

ಏಳುವಾಗ ಅವಳು ಹೇಳಿದ್ದನ್ನು ಶಾರದೆ ಹೀಗೆ ತಿಳಿಸಿದಳು: "ಇದನ್ನ ತನ್ನ ಮಂದಿಗೆ ಹೇಳೂದಿಲ್ಲಂತ. ಆದ್ರ ಆ ದಿನಾ ನೀ ಆಕಿ ಜೋಡಿ ಬಲೆ ಮುಂದ ನಿಂದರಬೇಕಂತ. ಒಗಿಯೂ ಕೈ ಯಾವಾಗ ಮ್ಯಾಲೆ ಏಳತೈತಿ ಅಂತ ನಿನಗ ಗೊತ್ತಾಗತೈತಂತ."

ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಕ್ರಿಯೋಲ್‌ನಲ್ಲಿ ನನಗೆ ಅಷ್ಟೊತ್ತಿಗೆ ಬರುತ್ತಿದ್ದ ಒಂದೇ ಮಾತು ಮೆರ್ಸಿ, ಅಂದರೆ ಉಪಕಾರವಾಯಿತು. ಅದನ್ನೇ ಎಷ್ಟು ಸಲ ಅಂದೆನೋ.

ಗಣಪತಿ ಕಳಿಸಿದ ದಿನ

ಮಧ್ಯಾಹ್ನದಿಂದಲೇ ತಾಳ, ಮೃದಂಗ. ಮನೆಮನೆಯ ಗಣಪತಿಗಳು ತಲೆಯ ಮೇಲೆ ಏರಿ ಹೊಳೆಯ ಕಡೆ ಹೊರಟವು. ನಾನು ಸೀರೆಯ ನೆರಿಗೆ ಎತ್ತಿ ಕಟ್ಟಿ ನೀರಿಗೆ ಇಳಿದು ನಿಂತಿದ್ದೆ. ಪಕ್ಕದಲ್ಲಿ ಲಿಲಿಯಾನ್. ದಡದ ಆ ಬದಿಗೆ ಮೀನುಗಾರರೆಲ್ಲ ಕೈಕಟ್ಟಿ ನಿಂತು ನೋಡುತ್ತಿದ್ದರು.

ನಿರ್ಮಾಲ್ಯ ಹಾಕಲೆಂದು ದಡದಲ್ಲಿ ನೀಲಿ ಬುಟ್ಟಿಗಳನ್ನು ಸಾಲಾಗಿ ಇಟ್ಟಿದ್ದರು. ಹರೆಯದವರು ಬಂದರು, ಬುಟ್ಟಿಗೆ ಹಾಕಿದರು, ಮಣ್ಣಿನ ಗಣಪತಿಯನ್ನಷ್ಟೇ ನೀರಿಗಿಳಿಸಿದರು. ನನಗೆ ಧೈರ್ಯ ಬಂತು.

ಆಗ ಗೋವಿಂದ ಆಜೋಬಾ ಬಂದರು. ಮೊಮ್ಮಗಳು ತೋಳು ಹಿಡಿದಿದ್ದಳು. ಅವರ ಕೈಯಲ್ಲಿ ದೊಡ್ಡ ಚೀಲ, ಹಬ್ಬದಷ್ಟೂ ದಿನದ ಹೂವು. ಬುಟ್ಟಿಯ ಮುಂದೆ ನಿಂತರು. ಇಣುಕಿ ನೋಡಿದರು. ಭಾನುವಾರದ ಬುಟ್ಟಿಗಳೇ ಅವು. ತೊಳೆದಿದ್ದರೂ ಎಣ್ಣೆಯ ಕಲೆ ಹೋಗಿರಲಿಲ್ಲ.

"ಇದು ಕಸದ ಬುಟ್ಟಿ," ಎಂದರು ಮರಾಠಿಯಲ್ಲಿ. "ನನ್ನ ಅಪ್ಪ, ಅವನ ಅಪ್ಪ ನೀರಿಗೆ ಕೊಟ್ಟದ್ದು. ನಾನು ಕಸಕ್ಕೆ ಹಾಕಲಾರೆ."

ಅವರ ಹಿಂದೆ ಬರುತ್ತಿದ್ದ ಹಿರಿಯರೆಲ್ಲ ನಿಂತುಬಿಟ್ಟರು. ಬುಟ್ಟಿಗೆ ಹಾಕಲು ಹೊರಟಿದ್ದ ಕೈಗಳೂ ಹಿಂದಕ್ಕೆ ಸರಿದವು. ತಾಳ ನಿಂತಿತು. ಶಿವಾನಂದ ಏನೋ ಹೇಳಲು ಹೋದ, ಆಜೋಬಾ ಕೇಳಿಸಿಕೊಳ್ಳದೆ ನೀರಿಗೆ ಒಂದು ಹೆಜ್ಜೆ ಇಟ್ಟರು. ಆ ಬದಿಯ ಮೀನುಗಾರರಲ್ಲಿ ಗುಜುಗುಜು ಎದ್ದಿತು. ಚೀಲ ಹಿಡಿದ ಕೈ ಮೇಲೇಳುವುದು ಕಂಡಿತು.

ಅವರ ಸಂಕಟ ನನಗೆ ಗೊತ್ತಿತ್ತು. ಅದಕ್ಕೇ ಬುದ್ಧಿ ಹೇಳುವ ಮಾತು ಬಾಯಿಗೆ ಬರಲಿಲ್ಲ. ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಹೆಗಲ ಮೇಲಿನ ಸೆರಗು ಎಳೆದು, ಎರಡೂ ಕೈಯಲ್ಲಿ ಅವರ ಮುಂದೆ ಚಾಚಿದ್ದೆ.

"ಆಜೋಬಾ, ಮೀ ಪದರ ಪಸರತೇ," ಎಂದೆ. ಸೆರಗೊಡ್ಡಿದ್ದೇನೆ. "ಹ್ಯಾತ ಘಾಲಾ." ಇದರೊಳಗೆ ಹಾಕಿರಿ.

ಮುದುಕರು ದಂಗಾದರು. ನಮ್ಮ ಕಡೆಯ ಹೆಂಗಸು ಸೆರಗೊಡ್ಡಿ ಕೇಳುವುದೆಂದರೆ ಅದು ಕಡೆಯ ಮಾತು. ಅದರ ಮೇಲೆ ಬೇಡಲಿಕ್ಕೆ ಏನೂ ಉಳಿಯುವುದಿಲ್ಲ. ಇಲ್ಲವೆನ್ನುವ ಎದೆ ಯಾರಿಗೂ ಇರುವುದಿಲ್ಲ. ಮುತ್ತಜ್ಜನ ಊರನ್ನು ಕಂಡೇ ಇರದ, ಭಾಷೆಯನ್ನೂ ಅರ್ಧ ಬಿಟ್ಟ, ಇಷ್ಟು ದೂರದಲ್ಲಿ ಹುಟ್ಟಿದ ಆ ಮನುಷ್ಯನಿಗೆ ಇದು ಗೊತ್ತಿರುತ್ತದೋ ಇಲ್ಲವೋ ಎಂಬ ಅಳುಕು ನನಗಿತ್ತು.

ಗೊತ್ತಿತ್ತು. ಚೀಲ ಬಿಚ್ಚಿ, ಹೂವನ್ನು ಕಣ್ಣಿಗೆ ಒತ್ತಿಕೊಂಡು, ನನ್ನ ಸೆರಗಿಗೆ ಸುರಿದರು. ಖಾಲಿ ಚೀಲವನ್ನು ತಾವೇ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು.

ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಸೀರೆಯುಟ್ಟ ಮರಾಠಿ ಹೆಂಗಸರು ಒಬ್ಬೊಬ್ಬರಾಗಿ ನೀರಿಗಿಳಿದು ಸೆರಗು ಚಾಚಿದರು. ಶಾರದೆ ಓಢಣಿ ಹಿಡಿದಳು. ಲಿಲಿಯಾನ್ ಸುತ್ತ ನೋಡಿದಳು. ತನ್ನ ಲಂಗದ ಮುಂಭಾಗವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನನ್ನ ಪಕ್ಕಕ್ಕೇ ನಿಂತಳು. ಒಬ್ಬ ಮುದುಕಿ ಅವಳ ಮುಖವನ್ನೊಮ್ಮೆ, ಅವಳ ಕೊರಳ ಶಿಲುಬೆಯನ್ನೊಮ್ಮೆ ನೋಡಿ, ಹೂವನ್ನೆಲ್ಲ ಅದರಲ್ಲೇ ಹಾಕಿ ಅವಳ ಕೈಮುಟ್ಟಿ ನಮಸ್ಕಾರ ಮಾಡಿದಳು.

ಹೂವೆಲ್ಲ ಲಿಲಿಯಾನಳ ಮಾವಿನ ಮರದ ಬುಡಕ್ಕೆ ಹೋದವು. ಸಂಜೆ ಬಲೆ ಎತ್ತಿದರು. ಎಲ್ಲರೂ ಬಗ್ಗಿ ನೋಡಿದೆವು. ಎಲೆ, ಒಂದು ತೆಂಗಿನ ಸಿಪ್ಪೆ, ಎರಡು ಏಡಿ, ಮತ್ತು ಒಂದು ಚಪ್ಪಲಿ.

ಲಿಲಿಯಾನ್ ಚಪ್ಪಲಿಯನ್ನು ಮೇಲೆತ್ತಿ ತೋರಿಸಿದಳು. ನಾನು ಕೆಳಗೆ ನೋಡಿಕೊಂಡೆ. ಒಂದು ಕಾಲು ಬರಿದಾಗಿತ್ತು. ಕೆಸರಿನಲ್ಲಿ ಯಾವಾಗ ಕಳಚಿತೋ! ಮೀನುಗಾರರು ನಗತೊಡಗಿದರು, ಮರಾಠಿ ಮಂದಿಯೂ ನಕ್ಕರು. ಲಿಲಿಯಾನ್ ಅದನ್ನು ತಂದು ನನ್ನ ಪಾದದ ಹತ್ತಿರ ಇಟ್ಟು ಗಟ್ಟಿಯಾಗಿ ಏನೋ ಹೇಳಿದಳು. ಶಾರದೆ ಎಲ್ಲರಿಗೂ ಕೇಳುವಂತೆ ಕೂಗಿದಳು:

"ಮುಂದಿನ ವರ್ಷ ಗಣಪತಿ ತರೂ ಮುಂದ ಚಪ್ಪಲಿ ಮನ್ಯಾಗ ಬಿಟ್ಟ ಬರ್ರಿ ಅಂತಾಳ!"

ಮುಂದಿನ ವರ್ಷ. ಆಜೋಬಾ ಮೊಮ್ಮಗಳ ಹೆಗಲಿಗೆ ಒರಗಿ ಅತ್ತರು. ಶಿವಾನಂದ ಮುಖ ಆಚೆ ತಿರುಗಿಸಿಕೊಂಡ. ನಾನಂತೂ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ.

ಕುಡಚಿ ಸಮೀಪಿಸಿದಾಗ

ಮಿರಜದಲ್ಲಿ ರೈಲು ಹತ್ತಿದೆ. ಉಗಾರ ದಾಟಿತು. ಕೃಷ್ಣೆಯ ಸೇತುವೆ ಬರುತ್ತದೆಂದು ಡಬ್ಬಿಯೊಳಗಿನವರೆಲ್ಲ ಕಿಟಕಿಗೆ ಸರಿದರು. ಎದುರಿಗೆ ಕೂತಿದ್ದ ಹೆಂಗಸು ಕಾಲ ಬಳಿಯ ಚೀಲದಿಂದ ಇನ್ನೊಂದು ಚೀಲ ತೆಗೆದಳು. ಒಳಗೆ ಬಾಡಿದ ಚೆಂಡುಹೂವು, ಎರಡು ಗಂಟು. ಕಣ್ಣಿಗೆ ಒತ್ತಿಕೊಂಡು ಕಿಟಕಿಯ ಸರಳಿನ ಕಡೆ ಕೈ ಎತ್ತಿದಳು.

ನಾನು ಎದ್ದು ನಿಂತು ಸೆರಗೊಡ್ಡಿದೆ.

"ಯಾಕ್ರಿ ಅಕ್ಕಾರ? ಏನ್ ಬೇಕ್ರಿ ನಿಮಗ?" ಎಂದಳು ಗಾಬರಿಯಾಗಿ.

"ಅದ ಬೇಕ್ರಿ."

"ಇದು ನಿರ್ಮಾಲ್ಯ ಐತ್ರಿ."

"ಗೊತ್ತೈತ್ರಿ ತಂಗಿ. ಅದಕ್ಕ ಕೇಳಾಕತ್ತೇನಿ. ನಮ್ಮ ಹೊಲದಾಗ ಗಿಡದ ಬುಡಕ ಹಾಕತೇನಿ, ಯಾರೂ ತುಳಿಯೂದಿಲ್ಲ."

ರೈಲು ಸೇತುವೆಯ ಮೇಲೆ ಧಡಧಡಿಸುತ್ತಿತ್ತು. ಅವಳು ನನ್ನ ಮುಖ ನೋಡಿದಳು, ಸೆರಗು ನೋಡಿದಳು, ಕೆಳಗೆ ಹೊಳೆ ನೋಡಿದಳು. ಕಡೆಗೆ ಗಂಟು ಬಿಚ್ಚಿ ಹೂವು ಸುರಿದಳು. ಆಚೆ ಸೀಟಿನ ಒಬ್ಬ ಅಜ್ಜಿ ಕೇಳದೆಯೇ ತನ್ನದನ್ನೂ ತಂದು ಹಾಕಿದಳು.

ಕುಡಚಿ ಸ್ಟೇಷನ್ನಿನಲ್ಲಿ ನಮ್ಮ ಮನೆಯವರು ನಿಂತಿದ್ದರು. ನನ್ನ ಸೆರಗಿನ ತುಂಬ ಯಾರ್ಯಾರದೋ ಬಾಡಿದ ಹೂವು ಕಂಡು ಹುಬ್ಬು ಏರಿಸಿದರು.

"ಪರದೇಶಕ್ಕ ಹೋಗಿ ಇದನ್ನ ತಂದೇನ?" ಎಂದರು.

"ಹೂನ್ರಿ," ಎಂದೆ. "ಸೂಟ್‌ಕೇಸ್ ನೀವ ಹಿಡಕೋರಿ. ನನ್ನ ಕೈ ಖಾಲಿ ಇಲ್ಲ."